ಹಲ್ಲಿನ ಪಾಚಿ, ಒಸಡಿನ ನೆತ್ತರು

ಹಲ್ಲುಜ್ಜುವ ರೂಢಿ ಬಹಳ ಹಳೆಯದು. ಹೊಂಗೆ, ಎಕ್ಕ ಮೊದಲಾದ ಗಿಡಮರಗಳ ಕಡ್ಡಿಯನ್ನು ವಿಧಿಸುವ ಚರಕಸಂಹಿತೆಯು ಒಸಡಿಗೆ ನೋವಾಗದಂತೆ ಉಜ್ಜಬೇಕೆಂಬ ಎಚ್ಚರಿಕೆಯನ್ನೂ ಜೊತೆಗೇ ಸೇರಿಸಿದೆ. ಆದರೆ ಹಲ್ಲಿನ ಬುಡಕ್ಕೆ ಅಂಟುವ ಮೆತ್ತನೆಯ ಬಿಳಿ ಪದರವೇ, ಅಂದರೆ ದಂತವೈದ್ಯರು ಪ್ಲಾಕ್ ಎನ್ನುವ ಹಲ್ಲಿನ ಪಾಚಿಯೇ, ಒಸಡು ಕೆಂಪಾಗಿ ಊದಿಕೊಂಡು ನೆತ್ತರು ಒಸರಲು ಕಾರಣವೆಂಬುದು ಮನುಷ್ಯರ ಮೇಲಿನ ಪ್ರಯೋಗದಿಂದ ಸ್ಥಿರಪಟ್ಟದ್ದು 1965ರಲ್ಲಿ.

ಅದಕ್ಕೂ 282 ವರ್ಷಗಳ ಹಿಂದೆ, 1683ರ ಸೆಪ್ಟೆಂಬರಿನಲ್ಲಿ, ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದನು. ದಿನವೂ ಉಪ್ಪಿನಿಂದ ಹಲ್ಲುಜ್ಜಿ, ಕಡ್ಡಿಯಿಂದ ಸಂದುಗಳನ್ನು ಕೆದಕಿ, ಬಟ್ಟೆಯಿಂದ ತಿಕ್ಕಿದರೂ ಕಲಸಿದ ಹಿಟ್ಟಿನಂಥ ಬಿಳಿ ವಸ್ತುವೊಂದು ಹಲ್ಲುಗಳ ನಡುವೆ ಉಳಿಯುತ್ತದೆಂದೂ, ಅದನ್ನು ಮಳೆನೀರಿನಲ್ಲಿ ಕದಡಿ ತಾನೇ ತಯಾರಿಸಿದ ಮಸೂರದಡಿ ನೋಡಿದಾಗ ಅಸಂಖ್ಯ ಸೂಕ್ಷ್ಮಜೀವಿಗಳು ಓಡಾಡುತ್ತಿದ್ದವೆಂದೂ ಅದರಲ್ಲಿ ತಿಳಿಸಿದನು. ಅವನು ಬಿರುಸಾದ ದ್ರಾಕ್ಷಾಮದ್ಯದ ವಿನೆಗರಿನಿಂದ ಬಾಯಿ ಮುಕ್ಕಳಿಸಿದರೂ ಅವು ಬದುಕುಳಿದವು. ಪಾಚಿಯನ್ನು ಕದಡಿದ ನೀರಿಗೇ ವಿನೆಗರನ್ನು ಬೆರೆಸಿದಾಗ ಮಾತ್ರ ಕೂಡಲೇ ಸತ್ತವು. ದ್ರವವು ಪದರದ ಹೊರಮೈಯನ್ನಷ್ಟೇ ತಾಕುತ್ತದೆ, ಒಳಕ್ಕೆ ಇಳಿಯುವುದಿಲ್ಲವೆಂದು ಅವನು ತೀರ್ಮಾನಿಸಿದನು. ಪಾಚಿಯನ್ನು ಬರಿಯ ಮುಕ್ಕಳಿಕೆಯಿಂದ ತೊಳೆಯಲಾಗದು, ಉಜ್ಜಿಯೇ ತೆಗೆಯಬೇಕೆಂಬ ಇಂದಿನ ಸಲಹೆಯ ತಿರುಳು ಇಲ್ಲಿಯೇ ಇದೆ. ಉಪ್ಪು ಹಾಕಿ ತಿಕ್ಕಿದರೂ ತನ್ನ ಒಸಡಿನಿಂದ ನೆತ್ತರು ಬಾರದೆಂದು ಅದೇ ಪತ್ರದಲ್ಲಿ ತುಸು ಹೆಮ್ಮೆಯಿಂದಲೇ ಬರೆದುಕೊಂಡ ಅವನು, ಆ ಮಾತನ್ನೂ ಸೂಕ್ಷ್ಮಜೀವಿಗಳನ್ನೂ ಜೋಡಿಸಿ ನೋಡಲಿಲ್ಲ.

ಮುಂದಿನ ಎರಡು ಶತಮಾನ ದಂತವೈದ್ಯರ ಗಮನವು ಬಹುಮಟ್ಟಿಗೆ ಪಾಚಿ ಕಲ್ಲಾಗಿ ಆಗುವ ಕಿಟ್ಟದ ಮೇಲೆಯೇ ಇತ್ತು. ಕೊನೆಗೆ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು, ಒಸಡು ಆರೋಗ್ಯವಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನೇ ಬಿಡುವಂತೆ ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳಾಗಿದ್ದುದು ಸ್ವಾರಸ್ಯದ ಸಂಗತಿ. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿಕೊಂಡಿತು; ಪಾಚಿಯಲ್ಲಿ ಮೊದಲಿದ್ದ ಗುಂಡಾಕಾರದ ಬ್ಯಾಕ್ಟೀರಿಯಾಗಳ ಜೊತೆಗೆ ಎಳೆಯಂಥವೂ ಸುರುಳಿಯಂಥವೂ ಬಂದು ಸೇರಿದವು. ಮತ್ತೆ ಉಜ್ಜತೊಡಗಿದ ಕೆಲವೇ ದಿನಗಳಲ್ಲಿ ಒಸಡು ಮೊದಲಿನಂತಾಯಿತು.

ಈ ಪ್ರಯೋಗ ತೋರಿಸಿದ್ದು ರೋಗದ ಮೊದಲ ಮೆಟ್ಟಿಲನ್ನು ಮಾತ್ರ. ಬ್ರಷ್ಷಿನ ಬಳಕೆಯೇ ಇಲ್ಲದಿದ್ದ ಶ್ರೀಲಂಕಾದ ಚಹಾ ತೋಟಗಳ 480 ಕಾರ್ಮಿಕರನ್ನು ಲೋ ತಂಡವು 1970ರಿಂದ 15 ವರ್ಷ ಗಮನಿಸಿದಾಗ ಬಹುತೇಕ ಎಲ್ಲರಿಗೂ ಒಸಡಿನ ಉರಿಯೂತವಿತ್ತು, ಶೇ. 8ರಷ್ಟು ಮಂದಿಯಲ್ಲಿ ಹಲ್ಲಿನ ಆಧಾರವೇ ವೇಗವಾಗಿ ಕುಸಿದರೆ, ಶೇ. 81ರಷ್ಟು ಮಂದಿಯಲ್ಲಿ ಕುಸಿತ ಮಧ್ಯಮ ಗತಿಯಲ್ಲಿತ್ತು, ಉಳಿದ ಶೇ. 11ರಷ್ಟು ಮಂದಿಯಲ್ಲಿ ರೋಗವು ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ.