ಶಾಯಿಯೇ ಬೇಡ! ಯೀಸ್ಟ್ ಬೆಳೆದು ಮೂಡುವ ಜೀವಂತ ಚಿತ್ರ

ಬ್ರೆಡ್ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಲ್ಲರಿಗೂ ಗೊತ್ತು. ಅದೇ ಯೀಸ್ಟ್ ಬಳಸಿ ಕಂಪ್ಯೂಟರಿನಲ್ಲಿರುವ ಫೋಟೋ ಒಂದನ್ನು ಮುದ್ರಿಸಬಹುದು ಎಂದರೆ ನಂಬುತ್ತೀರಾ? ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿರುವ ತಳಿವಿಜ್ಞಾನಿ ಜೆಫ್ ಬೋಕೆ ಅವರ ಪ್ರಯೋಗಾಲಯ ಇದನ್ನು ಮಾಡಿ ತೋರಿಸಿದೆ. ಇದರ ಹೆಸರು 'ಯೀಸ್ಟ್ ಆರ್ಟ್ ಪ್ರಾಜೆಕ್ಟ್'.

ಬಣ್ಣ ಎಲ್ಲಿಂದ ಬರುತ್ತದೆ?

ಸಾಮಾನ್ಯ ಯೀಸ್ಟ್ ಕೆನೆಬಣ್ಣದ್ದು. ಬೇರೆ ಜೀವಿಗಳ ಜೀನ್‌ಗಳನ್ನು ಅದಕ್ಕೆ ಸೇರಿಸಿದರೆ ಅದು ತಾನೇ ಬಣ್ಣ ತಯಾರಿಸತೊಡಗುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್‌ನಿಂದ ಹಳದಿ, ಕಿತ್ತಳೆ. ಒಂದು ಬ್ಯಾಕ್ಟೀರಿಯಾದ ವಯೊಲೇಸಿನ್‌ನಿಂದ ನೇರಳೆ.

ಮುದ್ರಣ ಹೇಗೆ?

ಮೊದಲು ಸಾಫ್ಟ್‌ವೇರ್ ಫೋಟೋವನ್ನು ಚುಕ್ಕಿಗಳಾಗಿ ಒಡೆದು, ಪ್ರತಿ ಚುಕ್ಕಿಗೆ ಹೊಂದುವ ಬಣ್ಣದ ಯೀಸ್ಟನ್ನು ಆರಿಸುತ್ತದೆ. ನಂತರ ಯಂತ್ರವೊಂದು ಶಬ್ದದ ಅಲೆಗಳಿಂದ ಯೀಸ್ಟ್ ದ್ರಾವಣದ ಹನಿಗಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಂದೊಂದು ಹನಿಯೂ ಕೇವಲ 2.5 ನ್ಯಾನೋಲೀಟರ್. ಒಂದು ನ್ಯಾನೋಲೀಟರ್ ಎಂದರೆ ಲೀಟರಿನ ನೂರು ಕೋಟಿಯಲ್ಲಿ ಒಂದು ಭಾಗ! ಮೇಲೆ ಬೋರಲಾಗಿ ಇಟ್ಟ ತಟ್ಟೆಯಲ್ಲಿ ಅಗರ್, ಅಂದರೆ ಅಡುಗೆಮನೆಯ ಚೈನಾ ಗ್ರಾಸ್, ಹೆಪ್ಪುಗಟ್ಟಿರುತ್ತದೆ. ಹನಿಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಗ ತಟ್ಟೆಯಲ್ಲಿ ಚಿತ್ರ ಕಾಣುವುದಿಲ್ಲ. ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟರೆ ಯೀಸ್ಟ್ ಬೆಳೆದು ಚಿತ್ರ ಮೂಡುತ್ತದೆ.

ಫ್ಲೆಮಿಂಗ್ ಕೂಡ ಬಿಡಿಸಿದ್ದರು

ಸೂಕ್ಷ್ಮಜೀವಿಗಳ ಚಿತ್ರಕಲೆ ಹೊಸದೇನಲ್ಲ. 1928ರಲ್ಲಿ ಪೆನಿಸಿಲಿನ್ ಪತ್ತೆ ಮಾಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಸಹಜವಾಗಿಯೇ ಬಣ್ಣವಿರುವ ಬ್ಯಾಕ್ಟೀರಿಯಾಗಳಿಂದ ಮನೆ, ಸೈನಿಕ, ನರ್ತಕಿಯ ಚಿತ್ರ ಬಿಡಿಸುತ್ತಿದ್ದರು. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನ ಸಂಘ 2015ರಲ್ಲಿ 'ಅಗರ್ ಆರ್ಟ್' ಸ್ಪರ್ಧೆ ಆರಂಭಿಸಿತು. 2017ರಲ್ಲಿ ಬೋಕೆ ಪ್ರಯೋಗಾಲಯದ ಯೀಸ್ಟ್‌ನಲ್ಲಿ ಮೂಡಿದ ಸೂರ್ಯಾಸ್ತದ ಚಿತ್ರಕ್ಕೆ ಮೊದಲ ಬಹುಮಾನ ಬಂತು.

ಬರೀ ಆಟವಲ್ಲ

ಸೇರಿಸಿದ ಜೀನ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಪರೀಕ್ಷೆಗಳು ಬೇಕು. ಇಲ್ಲಿ ಬಣ್ಣವೇ ಉತ್ತರ ಹೇಳುತ್ತದೆ. ಇದೇ ರೀತಿ ಜೀನ್ ಸೇರಿಸಿದ ಯೀಸ್ಟ್‌ನಿಂದ ಮಲೇರಿಯಾ ಔಷಧ ಆರ್ಟೆಮಿಸಿನಿನ್‌ಗೆ ಬೇಕಾದ ಮೂಲವಸ್ತುವನ್ನೂ ತಯಾರಿಸಲಾಗಿದೆ. ಬಣ್ಣ ಮಾಡಲು ಕಲಿತ ಯೀಸ್ಟ್ ಔಷಧವನ್ನೂ ಮಾಡಬಲ್ಲದು ಎಂಬುದೇ ಇದರ ಸಾರ.

ಆದರೆ ಈ ಚಿತ್ರಕ್ಕೆ ಆಯಸ್ಸು ಕಡಿಮೆ. ದಿನ ಕಳೆದಂತೆ ಅಗರ್ ಒಣಗಿ ಬಿರಿಯುತ್ತದೆ. ಹಾಗಾಗಿ ಚಿತ್ರ ಚೆನ್ನಾಗಿ ಮೂಡಿದ ಕೂಡಲೇ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ಫೋಟೋದಿಂದ ಹುಟ್ಟಿದ ಚಿತ್ರ ಕೊನೆಗೆ ಉಳಿಯುವುದೂ ಫೋಟೋದಲ್ಲೇ!