ಉಪಗ್ರಹ ಆಧಾರಿತ ಭೂಮಾಪನ

ಉಪಗ್ರಹ ಆಧಾರಿತ ಭೂಮಾಪನ ಎಂದರೆ ಸ್ಥಾನಸೂಚಕ ಉಪಗ್ರಹಗಳ ರೇಡಿಯೊ ಸಂಕೇತಗಳಿಂದ ನೆಲದ ಮೇಲಿನ ಬಿಂದುಗಳ ಸ್ಥಾನವನ್ನು ಸೆಂಟಿಮೀಟರ್ ಮಟ್ಟದ ನಿಖರತೆಯಲ್ಲಿ ನಿರ್ಧರಿಸುವ ವಿಧಾನ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಮತ್ತು ಭಾರತದ ನಾವಿಕ್ ಇಂತಹ ಉಪಗ್ರಹ ವ್ಯವಸ್ಥೆಗಳು. ಮೊಬೈಲ್ ಫೋನು ಸಹ ಇವುಗಳ ಸಂಕೇತವನ್ನೇ ಬಳಸುತ್ತದೆ. ಆದರೆ ಅದರ ದೋಷ ಸಾಮಾನ್ಯವಾಗಿ ಕೆಲವು ಮೀಟರ್‌ಗಳಷ್ಟಿರುತ್ತದೆ.

ನಿಖರತೆಯ ಅಗತ್ಯ

ಕರ್ನಾಟಕದ ಹಳೆಯ ಮೋಜಣಿಯಲ್ಲಿ 33 ಅಡಿಯ ಸರಪಳಿ ಬಳಕೆಯಲ್ಲಿತ್ತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ; 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಯ ಚೌಕ ನಿವೇಶನದ ಒಂದು ಗಡಿ 3 ಮೀಟರ್ ಸರಿದರೆ ಸುಮಾರು 325 ಚದರ ಅಡಿ ವ್ಯತ್ಯಾಸವಾಗುತ್ತದೆ; 3 ಸೆಂಟಿಮೀಟರ್ ಸರಿದರೆ ಸುಮಾರು 3 ಚದರ ಅಡಿ ಮಾತ್ರ. ಆನೇಕಲ್ ತಾಲ್ಲೂಕಿನ ಚಂದಾಪುರದಂತೆ ಹೊಲಗಳು ಬಡಾವಣೆ, ಕಾರ್ಖಾನೆಗಳಾಗಿ ಮಾರ್ಪಟ್ಟಿರುವ ಕಡೆ ಎಕರೆ-ಗುಂಟೆಗಳಲ್ಲಿ ದಾಖಲಾದ ಜಮೀನು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುವುದರಿಂದ ಈ ಅಂತರ ಗಡಿ ತಕರಾರಿಗೆ ಕಾರಣವಾಗಬಲ್ಲದು.

ಕಾರ್ಯವಿಧಾನ

ಸಂಕೇತವು ಉಪಗ್ರಹದಿಂದ ಹೊರಟು ರಿಸೀವರ್ ತಲುಪಲು ತೆಗೆದುಕೊಂಡ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ರಿಸೀವರಿನ ಗಡಿಯಾರದ ದೋಷವನ್ನೂ ಕಂಡುಹಿಡಿಯಬೇಕಾದ್ದರಿಂದ ಕನಿಷ್ಠ 4 ಉಪಗ್ರಹಗಳು ಬೇಕು. ಗಡಿಯಾರದಲ್ಲಿ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರದಲ್ಲಿ ಸುಮಾರು 300 ಮೀಟರ್ ತಪ್ಪುತ್ತದೆ.

ಸಾಮಾನ್ಯ ರಿಸೀವರ್ ಸಂಕೇತದಲ್ಲಿ ಅಡಕವಾದ ಕೋಡನ್ನು ಆಧರಿಸುತ್ತದೆ. ಮೋಜಣಿ ರಿಸೀವರ್ ಇದರೊಂದಿಗೆ, ಕೋಡನ್ನು ಹೊತ್ತು ತರುವ ವಾಹಕ ತರಂಗದ ಪ್ರಾವಸ್ಥೆಯನ್ನೂ, ಅಂದರೆ ಅಲೆಯು ತನ್ನ ಆವರ್ತದ ಯಾವ ಘಟ್ಟದಲ್ಲಿದೆ ಎಂಬುದನ್ನೂ ಅಳೆಯುತ್ತದೆ. ಜಿಪಿಎಸ್‌ನ ಎಲ್1 ತರಂಗದ ಉದ್ದ ಸುಮಾರು 19 ಸೆಂಟಿಮೀಟರ್. ಅದರೊಳಗಿನ ಘಟ್ಟವನ್ನು ಮಿಲಿಮೀಟರ್‌ಗಳಷ್ಟು ಸೂಕ್ಷ್ಮವಾಗಿ ತಿಳಿಯಬಹುದು. ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಎಷ್ಟು ಪೂರ್ಣ ಅಲೆಗಳಿವೆ ಎಂಬುದು ಮೊದಲಿಗೆ ತಿಳಿದಿರುವುದಿಲ್ಲ. ಕೊನೆಯ ತುಂಡನ್ನು ಕರಾರುವಾಕ್ಕಾಗಿ ಅಳೆದು, ಹಿಂದೆ ಹಾಕಿದ ಸರಪಳಿಗಳ ಎಣಿಕೆಯನ್ನೇ ಮರೆತಂತಹ ಸ್ಥಿತಿ ಇದು. ಹಲವು ಉಪಗ್ರಹಗಳ, ಹಲವು ಆವರ್ತನಗಳ ಅಳತೆಗಳನ್ನು ಸಂಯೋಜಿಸಿ ಈ ಪೂರ್ಣಾಂಕವನ್ನು ನಿರ್ಧರಿಸಲಾಗುತ್ತದೆ.

ಆಧಾರ ಕೇಂದ್ರ

ಅಯಾನುಗೋಳ ಮತ್ತು ವಾಯುಮಂಡಲಗಳು ಸಂಕೇತವನ್ನು ತಡವಾಗಿಸುತ್ತವೆ. ಸ್ಥಾನ ಮೊದಲೇ ಖಚಿತವಾಗಿರುವ ಆಧಾರ ಕೇಂದ್ರವೂ ಹತ್ತಿರದ ರೋವರ್ ಎಂಬ ಸಂಚಾರಿ ರಿಸೀವರೂ ಬಹುತೇಕ ಒಂದೇ ಬಗೆಯ ದೋಷಕ್ಕೆ ಒಳಗಾಗುವುದರಿಂದ, ಎರಡರ ಅಳತೆಗಳನ್ನು ಕಳೆದಾಗ ಅದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಕೇಂದ್ರದ ಮಾಹಿತಿಯನ್ನು ರೋವರಿಗೆ ತಕ್ಷಣವೇ ರವಾನಿಸುವ ಕ್ರಮಕ್ಕೆ ಆರ್‌ಟಿಕೆ ಎನ್ನುತ್ತಾರೆ. ಭಾರತೀಯ ಸರ್ವೇಕ್ಷಣ ಇಲಾಖೆಯು ಕರ್ನಾಟಕದಲ್ಲಿ ಕಾರ್ಸ್ ಎಂಬ, ನಿರಂತರ ಕಾರ್ಯನಿರತ ಆಧಾರ ಕೇಂದ್ರಗಳ ಜಾಲವನ್ನು ಸ್ಥಾಪಿಸಿದೆ.

ಖಚಿತವಾದ ಆಧಾರದಿಂದ ಉಳಿದ ಬಿಂದುಗಳನ್ನು ಪಡೆಯುವ ತತ್ವ ಹೊಸದಲ್ಲ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದು ತ್ರಿಕೋನಮಾಪನ ನಡೆಸಿದ್ದನು.

ಮಿತಿಗಳು

ಎತ್ತರದ ಕಟ್ಟಡ, ತಗಡಿನ ಛಾವಣಿಗಳಿಂದ ಪ್ರತಿಫಲಿಸಿ ಬರುವ ಸಂಕೇತವೂ ದಟ್ಟ ಮರಗಳ ಮರೆಯೂ ಅಳತೆಯನ್ನು ಕೆಡಿಸುತ್ತವೆ. ಆಧಾರ ಕೇಂದ್ರ ದೂರವಾದಷ್ಟೂ ದೋಷ ಹೆಚ್ಚುತ್ತದೆ. ರಿಸೀವರ್ ನೀಡುವ ಎತ್ತರವು ಸಮುದ್ರಮಟ್ಟದಿಂದ ಅಳೆದ ಎತ್ತರವಲ್ಲ. ಬೆಂಗಳೂರಿನಲ್ಲಿ ಇವೆರಡರ ನಡುವೆ 80 ಮೀಟರ್‌ಗೂ ಹೆಚ್ಚು ವ್ಯತ್ಯಾಸವಿದೆ.

ರಿಸೀವರ್ ತಿಳಿಸುವುದು ಬಿಂದುವಿನ ಸ್ಥಾನವನ್ನು ಮಾತ್ರ; ಅದು ಯಾರ ಗಡಿ ಎಂಬುದನ್ನಲ್ಲ. ಹದ್ದುಬಸ್ತಿನಲ್ಲಿ ಟಿಪ್ಪಣಿ, ಆಕಾರಬಂದ್ ಮುಂತಾದ ಮೂಲ ದಾಖಲೆಗಳನ್ನೂ ಸ್ಥಳದಲ್ಲಿರುವ ಬಾಂದುಕಲ್ಲುಗಳನ್ನೂ ಈ ಅಳತೆಯೊಂದಿಗೆ ತಾಳೆ ನೋಡಬೇಕಾಗುತ್ತದೆ.