ಡಿ.ಜೆ. ಕಲೆಯಲ್ಲಿ ಲಯ-ಶ್ರುತಿಗಳ ಮೇಳನ

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವುದು ನಮ್ಮ ಸಂಗೀತಗಾರರ ಹಳೆಯ ವಾಡಿಕೆ. ಮೆರವಣಿಗೆಯ ಗದ್ದಲವೇ ಡಿ.ಜೆ. ಎಂದು ಬಗೆದಿರುವ ವಾಚಕರಿಗೆ, ಆ ವೃತ್ತಿಯವರೂ ಈ ತಾಯಿತಂದೆಯರ ಅಂಕೆಯಲ್ಲಿಯೇ ಇರುವರೆಂದರೆ ಆಶ್ಚರ್ಯವಾದೀತು. ಒಂದು ಹಾಡು ಮುಗಿಯುವ ಮುನ್ನವೇ ಮತ್ತೊಂದನ್ನು ಅದರ ಮೇಲೆ ಹೊಂದಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ದಾಟಿಸುವುದು ಅವರ ಕೆಲಸ. ಈ ಕಲೆಯಲ್ಲಿ ಲಯವು ಮೊದಲು ಕೈವಶವಾಯಿತು. ಶ್ರುತಿಯು ಬಹುಕಾಲ ಹಿಂದುಳಿಯಿತು. ಹೀಗೇಕಾಯಿತೆಂಬುದೇ ಪ್ರಕೃತ ವಿಚಾರ.

ನ್ಯೂಯಾರ್ಕ್ ನಗರದ ಪಶ್ಚಿಮ 43ನೆಯ ಬೀದಿಯಲ್ಲಿ, ಹಿಂದೆ ಜರ್ಮನ್ ಬ್ಯಾಪ್ಟಿಸ್ಟರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡವೊಂದು 1970ರ ಸುಮಾರಿಗೆ ‘ಸ್ಯಾಂಕ್ಚುಯರಿ’ ಎಂಬ ನೃತ್ಯಶಾಲೆಯಾಗಿತ್ತು. ಅಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬಾತನು ಎರಡು ಧ್ವನಿಮುದ್ರಿಕೆಗಳ ಬಡಿತಗಳನ್ನು ಒಂದರೊಡನೊಂದು ಕೂಡಿಸಿ ನುಡಿಸುತ್ತಿದ್ದನು. ಕೆಳಗಿನ ಚಕ್ರವು ತಿರುಗುತ್ತಲೇ ಇರುವಾಗ ಮುದ್ರಿಕೆಯನ್ನು ಬೆರಳಿನಿಂದ ತಡೆದು ಹಿಡಿದು, ಹೆಡ್‌ಫೋನಿನಲ್ಲಿ ಕೇಳುತ್ತ, ಸರಿಯಾದ ಕ್ಷಣದಲ್ಲಿ ಬಿಟ್ಟುಕೊಡುವುದು ಅವನ ಉಪಾಯ. ‘ಚಿಕಾಗೋ’ ಮೇಳದ ಒಂದು ಹಾಡಿನ ತಾಳವಾದ್ಯದ ಮೇಲೆ ‘ಲೆಡ್ ಜೆಪೆಲಿನ್’ ಮೇಳದವರ ಕಂಠವನ್ನು ಅವನು ತೇಲಿಬಿಡುತ್ತಿದ್ದುದು ಇಂದಿಗೂ ಮಾತಿನಲ್ಲಿದೆ. ಈ ವಿದ್ಯೆಗೆ ಅವನೇ ಆದ್ಯನೆಂದು ಸಾಮಾನ್ಯವಾಗಿ ಹೇಳುವರು. ಯಾವ ಕಲೆಯನ್ನಾಗಲಿ ಒಬ್ಬನ ಕೊರಳಿಗೇ ಕಟ್ಟುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಅವನ ಕಷ್ಟವನ್ನು ನೆನೆಯಬೇಕು. ಆ ಹಾಡುಗಳಲ್ಲಿ ತಾಳ ಹಾಕಿದವರು ಮನುಷ್ಯರು. ಉತ್ಸಾಹ ಬಂದಾಗ ಅವರ ಕೈ ಓಡುತ್ತಿತ್ತು, ದಣಿದಾಗ ಹಿಂದೆಗೆಯುತ್ತಿತ್ತು. ಎರಡು ಹಾಡುಗಳು ಹೆಚ್ಚು ಹೊತ್ತು ಜೊತೆಗೆ ನಡೆಯುವಂತಿರಲಿಲ್ಲ.

ಈ ತೊಡಕನ್ನು ಯಂತ್ರಗಳು ಬಿಡಿಸಿದವು. ಜಪಾನಿನ ಮತ್ಸುಶಿತಾ ಸಂಸ್ಥೆಯು 1972ರಲ್ಲಿ ಹೊರತಂದ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರದ 1979ರ ಎರಡನೆಯ ಮಾದರಿಯಲ್ಲಿ, ವೇಗವನ್ನು ನೂರಕ್ಕೆ 8ರವರೆಗೆ ಏರಿಸಲೂ ಇಳಿಸಲೂ ಒಂದು ಜಾರುಗುಂಡಿಯಿತ್ತು. 1980ರಲ್ಲಿ ರೋಲ್ಯಾಂಡ್ ಸಂಸ್ಥೆಯ ಟಿಆರ್-808, 1983ರಲ್ಲಿ ಟಿಆರ್-909 ಎಂಬ ತಾಳಯಂತ್ರಗಳು ಬಂದವು. ಚಿಕಾಗೋ ಮತ್ತು ಡೆಟ್ರಾಯಿಟ್ ನಗರಗಳ ತರುಣರು ಇವುಗಳಿಂದ ರಚಿಸಿದ ನೃತ್ಯಸಂಗೀತದಲ್ಲಿ ಲಯವು ಕೂದಲೆಳೆಯಷ್ಟೂ ಕದಲದು. ಆಗ ಎರಡು ರಚನೆಗಳನ್ನು ನಿಮಿಷಗಟ್ಟಲೆ ಜೊತೆಯಾಗಿ ನಡೆಸಲು ಸಾಧ್ಯವಾಯಿತು. ಆದರೆ ಹೊಸ ಸಂಕಟ ಹುಟ್ಟಿದ್ದೂ ಇಲ್ಲಿಯೇ. ಕ್ಷಣಮಾತ್ರದ ಸೇರುವೆಯಲ್ಲಿ ಯಾರ ಕಿವಿಗೂ ಬೀಳದಿದ್ದ ಅಪಶ್ರುತಿಯು ದೀರ್ಘವಾದ ಸೇರುವೆಯಲ್ಲಿ ಬಯಲಿಗೆ ಬಂದಿತು.

ಮುದ್ರಿಕೆಯಲ್ಲಿ ವೇಗಕ್ಕೂ ಶ್ರುತಿಗೂ ಬಿಡಿಸಲಾರದ ಗಂಟು. ಚಕ್ರವನ್ನು ವೇಗವಾಗಿ ತಿರುಗಿಸಿದರೆ ಸ್ವರವೂ ಏರುವುದು. ನೂರಕ್ಕೆ ಸುಮಾರು 6ರಷ್ಟು ವೇಗವು ಹೆಚ್ಚಿದರೆ ಹಾಡು ಒಂದು ಪೂರ್ತಿ ಸ್ವರಸ್ಥಾನ ಮೇಲೇರುತ್ತದೆ. ನಿಮಿಷಕ್ಕೆ 124 ಬಡಿತದ ಒಂದು ರಚನೆ, 128 ಬಡಿತದ ಇನ್ನೊಂದು. ಎರಡರ ಶ್ರುತಿಯೂ ಒಂದೇ ಎಂದಿಟ್ಟುಕೊಳ್ಳೋಣ. ಎರಡನೆಯದನ್ನು ಮೊದಲನೆಯದರ ಲಯಕ್ಕೆ ಇಳಿಸಿದೊಡನೆ ಅದರ ಶ್ರುತಿಯು ಅರ್ಧ ಸ್ವರಸ್ಥಾನಕ್ಕಿಂತ ತುಸು ಹೆಚ್ಚಾಗಿಯೇ ಕುಸಿದು, ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತಾಗುವುದು. ಸರಿಯಾಗಿ ಕೂಡಿಸದ ಎರಡು ತಂಬೂರಿಗಳನ್ನು ಒಟ್ಟಿಗೆ ಮೀಟಿದಾಗಿನ ಅನುಭವವನ್ನು ನೆನೆದರೆ ಸಾಕು. ತಂದೆಯನ್ನು ಒಲಿಸಲು ಹೋಗಿ ತಾಯಿಯನ್ನು ಮುನಿಸಿದಂತೆ!

ಯಾವ ಶ್ರುತಿಗೆ ಯಾವುದು ಹೊಂದುವುದೆಂಬುದನ್ನು ಪಾಶ್ಚಾತ್ಯ ಶಾಸ್ತ್ರದ ಪಂಚಮಚಕ್ರವು ಹಿಂದೆಯೇ ತಿಳಿಸಿತ್ತು. ಶಾಸ್ತ್ರವನ್ನು ಓದದ ಡಿ.ಜೆ.ಗಳಿಗಾಗಿ ಮಾರ್ಕ್ ಡೇವಿಸ್ ಎಂಬವರು ಅದನ್ನೇ ಗಡಿಯಾರದ ಮುಖದಂತೆ ಬರೆದು ‘ಕ್ಯಾಮೆಲಾಟ್ ಚಕ್ರ’ವೆಂದು ಕರೆದರು. ಒಂದರಿಂದ ಹನ್ನೆರಡರವರೆಗೆ ಅಂಕೆಗಳು. ಪ್ರತಿಯೊಂದರಲ್ಲಿಯೂ ಎ, ಬಿ ಎಂದು ಎರಡು ಮನೆಗಳು. ಪಕ್ಕದ ಅಂಕೆಗೆ ಸರಿದರೆ ಏಳು ಸ್ವರಗಳಲ್ಲಿ ಒಂದು ಮಾತ್ರ ಬದಲಾಗುವುದು. ಅದೇ ಅಂಕೆಯ ಎ ಮನೆಯಿಂದ ಬಿ ಮನೆಗೆ ಹೋದರೆ ಒಂದೂ ಬದಲಾಗದು, ಆಧಾರ ಮಾತ್ರ ಬೇರೆಯಾಗುವುದು. ನಮ್ಮವರಿಗೆ ಇದು ಹೊಸದಲ್ಲ. ಶಂಕರಾಭರಣದ ಧೈವತವನ್ನು ಷಡ್ಜವಾಗಿ ಹಿಡಿದರೆ ನಠಭೈರವಿ ಹುಟ್ಟುವ ಗ್ರಹಭೇದವೇ ಅಲ್ಲಿಯ ಎಂಟನೆಯ ಅಂಕೆಯ ಎರಡು ಮನೆಗಳೊಳಗಿನ ಸಂಬಂಧ.

ವೇಗ-ಶ್ರುತಿಗಳ ಗಂಟನ್ನು ಗಣಿತವು ಕೊನೆಗೂ ಬಿಚ್ಚಿತು. ಒಂದನ್ನು ಮುಟ್ಟದೆ ಇನ್ನೊಂದನ್ನು ಬದಲಿಸುವ ಮಾರ್ಗವನ್ನು ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಫ್ಲ್ಯಾನಗನ್, ಗೋಲ್ಡನ್ ಎಂಬಿಬ್ಬರು 1966ರಲ್ಲಿಯೇ ಪ್ರಕಟಿಸಿದ್ದರು. ಅಂತಹ ಸೌಕರ್ಯವು ಡಿ.ಜೆ.ಗಳ ಮೇಜಿಗೆ ಬರಲು ಅಂಕೀಯ ಯಂತ್ರಗಳು ಬರಬೇಕಾಯಿತು. 2006ರಲ್ಲಿ ‘ಮಿಕ್ಸ್ಡ್ ಇನ್ ಕೀ’ ಎಂಬ ತಂತ್ರಾಂಶವು ಹಾಡಿನ ಶ್ರುತಿಯನ್ನು ತಾನೇ ಗುರುತಿಸಿ ಚಕ್ರದ ಅಂಕೆಯನ್ನು ಹಚ್ಚತೊಡಗಿತು. ಅನುಕೂಲವೇನೋ ಹೌದು. ಆದರೆ ಬರಿಯ ತಾಳವೇ ತುಂಬಿದ ರಚನೆಯಲ್ಲಿ ಅಂತಹ ಅಂಕೆಯನ್ನು ನೆಚ್ಚುವಂತಿಲ್ಲ. ಅದನ್ನು ನಂಬಿ ಕಿವಿಯನ್ನು ಮುಚ್ಚಿಕೊಂಡವನಿಗಿಂತ, ಅಂಕೆಯನ್ನೇ ಅರಿಯದೆ ಕೇಳಿ ಕೇಳಿ ಹೊಂದಿಸಿದ ಹಳಬನೇ ಮೇಲೆಂದು ನನ್ನ ಎಣಿಕೆ.

ಈ ಪ್ರಸ್ತಾಪದಲ್ಲಿ ನಮ್ಮ ದೇಶದವರೊಬ್ಬರನ್ನು ಮರೆಯಲಾಗದು. ಮುಂಬಯಿಯ ಚಲನಚಿತ್ರ ವಾದ್ಯಮೇಳಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗರು 1982ರಲ್ಲಿ, ಅದೇ 808ರ ತಾಳದ ಮೇಲೆ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿ ಒಂದು ಮುದ್ರಿಕೆಯನ್ನು ತಂದರು. ಅದರಲ್ಲಿ ಕದಲದ ಷಡ್ಜವೂ ಉಂಟು, ಕದಲದ ಲಯವೂ ಉಂಟು. ಅಂದು ಅದನ್ನು ಕೇಳಿದವರು ವಿರಳ. 2010ರಲ್ಲಿ ಅದು ಮರುಮುದ್ರಣವಾದ ಮೇಲೆ ಪಶ್ಚಿಮದ ಡಿ.ಜೆ.ಗಳು ಅದನ್ನು ಹುಡುಕಿಕೊಂಡು ಬಂದರು. ಸಿಂಗರು 2015ರಲ್ಲಿ ತೀರಿಕೊಂಡರು.